ಎಣಿಸಿದವನು ನಿಂತ ಜಾಗ

ಕುರಿರೊಪ್ಪದ ಬಾಗಿಲಲ್ಲಿ ನಿಂತು ದುರ್ಗೇಶ್ ಮೊಬೈಲಿನಲ್ಲಿದ್ದ ಹೆಸರುಗಳನ್ನು ಮೂರನೇ ಸಲ ಎಣಿಸಿದ. ಹನ್ನೊಂದು. ಎರಡನೇ ಸಲವೂ ಹನ್ನೊಂದೇ ಬಂದಿತ್ತು, ಆದರೂ ಎಲ್ಲೋ ತಪ್ಪಿದೆ ಎಂಬ ಕಿರಿಕಿರಿ, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ, ಎದ್ದಾಗಿನಿಂದ ಹೋಗಿರಲಿಲ್ಲ. ನಾಲ್ಕು ಗಂಟೆಗೆ ಈ ಪಟ್ಟಿ ದುರ್ಗದ ಡಿಟಿಪಿ ಅಂಗಡಿಗೆ ತಲುಪಬೇಕು, ನಾಳೆ ಪುಸ್ತಕದ ಮುಖಪುಟ ಅಚ್ಚಿಗೆ ಹೋಗುತ್ತದೆ, ಆಮೇಲೆ 'ಎಂಟನೇ ಸುತ್ತು' ಎಂಬ ಭಯದ ಕತೆಗಳ ಲೋಕಕ್ಕೆ ನಿಜವಾದ ಲೇಖಕರು ಯಾರು, ಸುಮ್ಮನೆ ಬಂದು ಹೋದವರು ಯಾರು ಎಂಬುದು ಕಾಗದದ ಮೇಲೆ ನಿಂತುಬಿಡುತ್ತದೆ. ಇಷ್ಟು ದೊಡ್ಡ ತೀರ್ಮಾನ ತನ್ನ ಒಂದು ಹೆಬ್ಬೆರಳಿನ ಕೆಳಗಿದೆ ಎಂದು ನೆನೆದಾಗಲೆಲ್ಲ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ನೆಟ್ಟಗಾದ ಬೆನ್ನಿಗೆ ಅಜ್ಜಿ ಹನುಮಮ್ಮ ಒಂದು ಏಟು ಕೊಟ್ಟು, ಕುರಿಮರಿಯೊಂದನ್ನು ಅವನ ತೋಳಿಗೆ ತುರುಕಿದಳು.

"ಆ ಡಬ್ಬಿ ಜೇಬಿಗೆ ಹಾಕಿ ಇದನ್ನ ಗಟ್ಟಿಯಾಗಿ ಹಿಡ್ಕಳಲೇ. ಹುರಿ ಸಡ್ಲಾಗೈತೆ."

ಮರಿಯ ಮೈಮೇಲೆ ಇನ್ನೊಂದು ಮರಿಯ ಚರ್ಮವಿತ್ತು. ಮೂರು ದಿನದ ಹಿಂದೆ, ಅಜ್ಜಿ ಕರಿಯವ್ವ ಎಂದು ಕರೆಯುವ ಕುರಿಯ ಮರಿ ಸತ್ತಿತ್ತು. ಅದೇ ದಿನ ತಾಯಿಯನ್ನು ಕಳೆದುಕೊಂಡ ಈ ಮರಿ ಹಾಲಿಲ್ಲದೆ ಒದರುತ್ತಿತ್ತು. ಕುರಿ ತನ್ನ ಮರಿಯನ್ನು ಗುರುತಿಸುವುದು ಮೂಗಿನಿಂದ, ಬೇರೆಯದು ಹತ್ತಿರ ಬಂದರೆ ಒದೆಯುತ್ತದೆ. ಅಜ್ಜಿ ಸತ್ತ ಮರಿಯ ಚರ್ಮ ಸುಲಿದು, ಬದುಕಿದ್ದಕ್ಕೆ ಅಂಗಿಯಂತೆ ತೊಡಿಸಿ, ಹೊಟ್ಟೆಯಡಿ ಹುರಿ ಬಿಗಿದಿದ್ದಳು. ಕರಿಯವ್ವ ಮೂಸಿ, ನಂಬಿ, ಹಾಲು ಬಿಟ್ಟಿತ್ತು. ದುರ್ಗೇಶ್ ಇದನ್ನು ಚಿಕ್ಕಂದಿನಿಂದ ನೋಡಿದವನೇ. ಆದರೆ ಇವತ್ತು ಆ ಚರ್ಮದೊಳಗಿಂದ ಮರಿಯ ಬಿಸಿ ತನ್ನ ತೋಳಿಗೆ ತಾಗಿದಾಗ ಯಾಕೋ ಮುಖ ತಿರುಗಿಸಿಕೊಂಡ.

"ನಾರ್ತೈತಲ್ಲಜ್ಜಿ."

"ನಾರ್ದೆ ಏನ್ಮಾಡ್ತೈತೆ, ಮೂರು ದಿನ ಆತು. ಸಂಜಿಗೆ ಬಿಚ್ಚಾಣ. ಬ್ಯಾಗ ಬಿಚ್ಚಿದ್ರೆ ಅವ್ಳು ಒದೀತಾಳೆ, ತಡ ಮಾಡಿದ್ರೆ ಹುಳ ಬೀಳ್ತಾವೆ." ಅಜ್ಜಿ ಹುರಿಯ ಗಂಟನ್ನು ಹಲ್ಲಿನಿಂದ ಎಳೆದಳು. "ನಿಂದೇನು ಅದು, ಆಗ್ಲಿಂದ ಗೊಣಗ್ತಿದೀಯ?"

"ಲೇಖಕರ ಪಟ್ಟಿ. ಯಾರು ನಮ್ಮೋರು, ಯಾರು ಅಲ್ಲ ಅಂತ ತೀರ್ಮಾನ ಮಾಡ್ಬೇಕು. ಎಷ್ಟು ಜನ ಅಂತ ಎಣಿಸ್ತಿದ್ದೆ."

"ಎಷ್ಟು ಅಂತ ತಿಳ್ಕಂಡು ಏನ್ಮಾಡ್ತೀಯ. ಯಾರು ಬಂದಿಲ್ಲ ಅಂತ ನೋಡು."

ಅಜ್ಜಿ ಯಾವತ್ತೂ ಕುರಿ ಎಣಿಸಿದವಳಲ್ಲ. ಸಂಜೆ ರೊಪ್ಪದ ಬಾಗಿಲಲ್ಲಿ ನಿಂತು ಒಳಹೋಗುವುದನ್ನು ನೋಡುತ್ತಾಳೆ, ಕೊನೆಗೆ ಕಿವಿ ಹರಿದದ್ದು ಬರಲಿಲ್ಲ, ಕುಂಟಿ ಬರಲಿಲ್ಲ ಎನ್ನುತ್ತಾಳೆ. ದುರ್ಗೇಶ್ ಬಿಕಾಂ ಮಾಡಿದವನು. ಎಣಿಸುತ್ತಾನೆ.

ಐಮಂಗಲದಲ್ಲಿ ಹತ್ತಿದ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಹಿರಿಯೂರಿನಲ್ಲೇ ತುಂಬಿ ಬಂದಿತ್ತು. ಕಂಬಿ ಹಿಡಿದು ನೇತಾಡುತ್ತ, ಅಂಗಿಯ ತೋಳಿನಿಂದ ಬರುತ್ತಿದ್ದ ಚರ್ಮದ ವಾಸನೆ ಪಕ್ಕದವರಿಗೂ ಬರುತ್ತಿದೆಯೇ ಎಂದು ಅವರ ಮೂಗುಗಳನ್ನು ನೋಡುತ್ತ, ಅವನು ತನ್ನ ಲೋಕವನ್ನು ನೆನೆದು ಸಮಾಧಾನ ತಂದುಕೊಳ್ಳಲು ನೋಡಿದ. ತನ್ನ ಲೋಕ. ಮೂರು ವರ್ಷದ ಹಿಂದೆ, ಕಾಲೇಜಿನ ಕೊನೆಯ ವರ್ಷದಲ್ಲಿ, ಮೊಬೈಲಿನಲ್ಲಿ ಕತೆ ಓದುವವರಿಗಾಗಿ ಒಂದು ಕತೆ ಹಾಕಿದ್ದ. ದುರ್ಗದ ಕೋಟೆಗೆ ಏಳು ಸುತ್ತು ಎಂದು ಎಲ್ಲರೂ ಹೇಳುತ್ತಾರೆ. ಅವನ ಕತೆಯಲ್ಲಿ ಎಂಟನೆಯದೊಂದು ಇತ್ತು, ಅಲ್ಲಿ ಎಣಿಸುವವನೊಬ್ಬ ನಿಂತಿರುತ್ತಿದ್ದ. ಅವನು ಯಾರನ್ನು ಎಣಿಸುತ್ತಾನೋ ಅವರು ಉಳಿದವರ ಎಣಿಕೆಯಿಂದ ಬಿಟ್ಟುಹೋಗುತ್ತಾರೆ. ಸಾಯುವುದಿಲ್ಲ, ಮನೆಯಲ್ಲೇ ಓಡಾಡಿಕೊಂಡಿರುತ್ತಾರೆ, ಆದರೆ ಊಟಕ್ಕೆ ಒಂದು ತಟ್ಟೆ ಕಡಿಮೆ ಇಡುತ್ತಾರೆ, ಕಡಿಮೆಯಾಯಿತೆಂದು ಯಾರಿಗೂ ಅನಿಸುವುದಿಲ್ಲ. ಕತೆ ಹೇಗೆ ಹಬ್ಬಿತೋ ತಿಳಿಯದು. ಹೊಸದುರ್ಗದಿಂದ ಒಬ್ಬರು, ಸಿರಿಗೆರೆಯ ಹಾಸ್ಟೆಲಿನಿಂದ ಒಬ್ಬಳು, ಹೊಳಲ್ಕೆರೆಯಿಂದ ಒಬ್ಬ ಮೇಷ್ಟರು, ಹೀಗೆ ಒಬ್ಬೊಬ್ಬರೇ ಅದೇ ಎಂಟನೇ ಸುತ್ತಿನಲ್ಲಿ ತಮ್ಮ ಕತೆಗಳನ್ನು ಕಟ್ಟತೊಡಗಿದರು. ಮೊಬೈಲಿನಲ್ಲಿ ಗುಂಪಾಯಿತು, ತೆರೆದವಳು ಸಿರಿಗೆರೆಯವಳು, ಅಡ್ಮಿನ್ ಇವನು. ಗುಂಪಾದ ಮೇಲೆ ಜಗಳವಾಯಿತು. ಜಗಳವಾದ ಮೇಲೆ ದುರ್ಗೇಶ್ ಒಂಬತ್ತು ನಿಯಮಗಳನ್ನು ಬರೆದ. ಒಂದೇ ಉಸಿರಿಗೆ, ಫಾರಂ ತುಂಬಿಕೊಡುವ ತನ್ನ ಕೆಲಸದ ಮೇಜಿನ ಮುಂದೆ ಕೂತು, ಎದುರಿಗೆ ಪಿಂಚಣಿ ಅರ್ಜಿಗೆ ಬಂದ ಮುದುಕ ಕಾಯುತ್ತಿದ್ದಾಗ ಬರೆದ. ಆ ನಿಯಮಗಳ ಗತ್ತು ನೋಡಿ ಅವನಿಗೇ ಭಯವಾಗಿತ್ತು. ಕತೆ ಬರೆದಾಗ ಅಷ್ಟು ಭಯವಾಗಿರಲಿಲ್ಲ.

ಫೋನು ನಡುಗಿತು. ಹೊಳಲ್ಕೆರೆಯ ಗೋವರ್ಧನ ಮೇಷ್ಟರು. ಹೋದ ವಾರವಷ್ಟೇ ದುರ್ಗೇಶ್ ಅವರನ್ನೂ ಗುಂಪಿನ ಅಡ್ಮಿನ್ ಮಾಡಿದ್ದ, ಅಂದಿನಿಂದ ದಿನಕ್ಕೆ ಎರಡು ಸಲ ಫೋನು.

"ಏನಪ್ಪ ಸ್ಥಾಪಕರೇ, ಪಟ್ಟಿ ಫೈನಲ್ಲಾ?"

"ಫೈನಲ್ಲೇ ಸರ್. ಹನ್ನೊಂದು."

"ಹೊಸದುರ್ಗದ ರಂಗಸ್ವಾಮೀನ ತೆಗ್ದ್ಯೋ ಇಲ್ವೋ? ಅವನ ಕತೇಲಿ ಎಣಿಸೋನು ಬಸ್ ಕಂಡಕ್ಟರ್ ಕಣಪ್ಪ. ಕಂಡಕ್ಟರ್ ಎಣಿಸ್ದೆ ಇನ್ಯಾರು ಎಣಿಸ್ತಾರೆ. ಅದು ಭಯ ಅಲ್ಲ, ಡ್ಯೂಟಿ."

ಅದೇ ಹೊತ್ತಿಗೆ ಕಂಡಕ್ಟರು ಹಿಂದಿನಿಂದ ತಲೆ ಎಣಿಸುತ್ತ ಬಂದು, ದುರ್ಗೇಶನ ಎದೆಯ ಕಡೆ ಬೆರಳು ತೋರಿಸಿ, ತುಟಿ ಅಲ್ಲಾಡಿಸಿ, ಮುಂದೆ ಹೋದ. ದುರ್ಗೇಶನ ಕುತ್ತಿಗೆಯ ಕೂದಲು ನಿಮಿರಿದವು.

"ಅವ್ರು ಇರ್ಲಿ ಸರ್," ಎಂದ.

"ಇರ್ಲಿ ಬಿಡು. ಆ ಹಿರಿಯೂರಿನ ಹುಡುಗೀದು?"

"ಪರಿಶೀಲನೇಲಿ ಐತೆ ಸರ್."

"ಹದಿನೇಳು ದಿನದಿಂದ ಏನ್ ಪರಿಶೀಲನೆ? ನಾಲ್ಕನೇ ನಿಯಮ ನೋಡು, ನೀನೇ ಬರ್ದಿದ್ದು. ಈ ಲೋಕಕ್ಕೆ ಬೇರೆಯವರು ಬಳಸುವಂಥ ಒಂದಾದರೂ ಹೊಸ ಸಂಗತಿ ಕೊಟ್ಟವರು ಮಾತ್ರ ಇದರ ಲೇಖಕರು. ಆ ಯಮ್ಮ ಏನ್ ಕೊಟ್ಟೈತೆ ಹೇಳು? ಒಂದ್ ಕತೆ ಕಳ್ಸೈತೆ, ಅದೂ ಈಗ. ಕ್ಯೂನಲ್ಲಿ ನಿಲ್ಲೋದು ಬೇಡ್ವಾ?"

"ಹೌದು ಸರ್," ಎಂದ ದುರ್ಗೇಶ್. ಹೌದು ಸರ್ ಎನ್ನುವಾಗ ತನ್ನ ದನಿ ಎಷ್ಟು ನುಣುಪಾಗಿ ಬಂತು ಎಂದು ಕೇಳಿಸಿಕೊಂಡ. ಕಿಟಕಿಯ ಹೊರಗೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುತ್ತುತ್ತಿದ್ದವು, ಒಂದು ಮಾತ್ರ ನಿಂತಿತ್ತು. ಆ ಯಮ್ಮ ಏನ್ ಕೊಟ್ಟೈತೆ. ಕಾಲೇಜಿನ ದಿನಗಳಲ್ಲಿ ಇದೇ ದಾರಿ, ಇದೇ ಬೆಳಗಿನ ಬಸ್ಸು, ಆ ಯಮ್ಮ, ಮದೀಹಾ, ಹಿರಿಯೂರಿನಲ್ಲಿ ಹತ್ತಿ ಮುಂದಿನ ಸೀಟಿನಲ್ಲಿ ಕುಳಿತಿರುತ್ತಿದ್ದಳು. ಐಮಂಗಲದಲ್ಲಿ ಇವನು ಹತ್ತಿದಾಗ ಕೇಳದೆಯೇ ಇವನ ಬ್ಯಾಗು ಇಸಿದುಕೊಂಡು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದಳು, ತನ್ನದರ ಮೇಲೆ ಇವನದು. ಮೂರು ವರ್ಷ ಅವಳು ಇವನ ಬ್ಯಾಗು ಹೊತ್ತಿದ್ದಾಳೆ. ಅಂಥ ಒಂದು ದಿನ ದೂರದಲ್ಲಿ ಕೋಟೆಯ ಬಂಡೆಗಳು ಕಂಡಾಗ ಅವಳು ತಿರುಗಿ, ಬೀಡಾ ಅಂಗಡಿಯವನ ಹತ್ತಿರ ಚಿಲ್ಲರೆ ಕೇಳುವಷ್ಟು ಸಲೀಸಾಗಿ ಕೇಳಿದ್ದಳು: "ಏಳು ಸುತ್ತು ಅಂತ ಎಣಿಸಿದೋನು ಎಲ್ಲಿ ನಿಂತ್ಕಂಡು ಎಣಿಸ್ದ ದುರ್ಗೇಶ? ಒಳಗಿದ್ರೆ ಹೊರಗಿಂದು ಕಾಣಲ್ಲ, ಹೊರಗಿದ್ರೆ ಒಳಗಿಂದು ಕಾಣಲ್ಲ. ಇನ್ನೊಂದು ಸುತ್ತು ಇರ್ಬೇಕು. ಅವ್ನು ಇನ್ನೂ ಅಲ್ಲೇ ನಿಂತಿರ್ಬೇಕು."

ದುರ್ಗೇಶ್ ನಕ್ಕಿದ್ದ. ಅದು ಅವನಿಗೆ ಚೆನ್ನಾಗಿ ನೆನಪಿದೆ, ಅಕ್ಕಪಕ್ಕದವರು ತಿರುಗಿ ನೋಡುವಷ್ಟು ನಕ್ಕು, ನಿನ್ನ ತಲೆ ಅಂದಿದ್ದ. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನೇ ಶೌಚಾಲಯದ ಗೋಡೆಗೆ ಒರಗಿ ಆ ಮಾತನ್ನು ಅಕ್ಷರ ಬಿಡದೆ ಮೊಬೈಲಿನಲ್ಲಿ ಬರೆದುಕೊಂಡಿದ್ದ. ಎರಡು ವಾರಕ್ಕೆ ಕತೆ. ಸ್ಫೂರ್ತಿ ಎಲ್ಲಿಂದ ಬಂತು ಎಂದು ಓದುಗರೊಬ್ಬರು ಕೇಳಿದಾಗ, ಬಾಲ್ಯದಿಂದ ಕೋಟೆಯ ಕಲ್ಲುಗಳು ನನ್ನೊಡನೆ ಮಾತಾಡುತ್ತಿದ್ದವು ಎಂದು ಉತ್ತರಿಸಿದ್ದ. ಆ ಉತ್ತರವನ್ನು ಈಗ ನೆನೆದರೆ ಬಸ್ಸಿನ ಕಂಬಿಗೆ ಹಣೆ ಚಚ್ಚಿಕೊಳ್ಳಬೇಕು ಅನಿಸುತ್ತದೆ. ಬಾಲ್ಯದಲ್ಲಿ ಅವನು ಕೋಟೆ ನೋಡಿದ್ದು ಒಂದೇ ಸಲ, ಶಾಲೆಯ ಪ್ರವಾಸದಲ್ಲಿ, ಚಿತ್ರಾನ್ನ ತಿಂದು ವಾಂತಿ ಮಾಡಿಕೊಂಡು.

ಡಿಟಿಪಿ ಅಂಗಡಿಯ ನೇತ್ರಾವತಿ ನಲವತ್ತರ ಹೆಂಗಸು, ಮದುವೆ ಕಾರ್ಡುಗಳ ನಡುವೆ ಕುಳಿತಿದ್ದಳು. "ಬರ್ರಿ, ಕುಂತ್ಕಳ್ರಿ," ಎಂದು ಸ್ಟೂಲು ತೋರಿಸಿ ಪರದೆ ತಿರುಗಿಸಿದಳು. ಏಳು ಸುತ್ತುಗಳು, ಅವುಗಳ ಹೊರಗೆ ಮಸುಕಾದ ಎಂಟನೆಯದು, ಅದರ ಗುಂಟ ಹನ್ನೊಂದು ಹೆಸರುಗಳಿಗೆ ಜಾಗ. ಕೆಳಗೆ, ಗಣೇಶನ ಚಿತ್ರ ಕೂರುವ ಅಳತೆಯಲ್ಲಿ: ಮೂಲ ಕಲ್ಪನೆ, ದುರ್ಗೇಶ್.

"ಇಷ್ಟು ದಪ್ಪ ಅಕ್ಷರ ನೀವೇ ಹೇಳಿದ್ರಿ," ಎಂದಳು, ಅವನ ಮುಖ ನೋಡಿ.

"ಹೌದು ಹೌದು. ಓದುಗರಿಗೆ ಕಾಣ್ಬೇಕಲ್ಲ."

"ಕರಡು ತಿದ್ದುವಾಗ ಎಲ್ಲಾ ಓದ್ದೆ ನೋಡ್ರಿ. ನಾನು ದೆವ್ವದ ಕತೆ ಓದೋಳಲ್ಲ. ಒಂದು ಮಾತ್ರ ಹೆದರಿಸ್ತು. ಅವತ್ತು ಊಟಕ್ಕೆ ತಟ್ಟೆ ಇಡೋವಾಗ ಎರಡೆರಡು ಸಲ ನೋಡ್ದೆ."

ದುರ್ಗೇಶನ ಮೈಯೊಳಗೆ ಏನೋ ಅರಳಿತು. "ಮೊದಲನೇದಾ? ಎಂಟನೇ ಸುತ್ತು?"

"ಅದು ಉದ್ದ ಆತು. ಬಂಡೆ ಬಂಡೆ ಅಂತ ನಾಕು ಪುಟ ಐತಲ್ಲ. ಇದು 'ನಿಂತ ಜಾಗ' ಅಂತ. ಯಾಕ್ರಿ, ಪರಿವಿಡಿಯಾಗೆ ಇಲ್ಲ?"

ಪೆನ್‌ಡ್ರೈವಿನಲ್ಲಿ ಬೇಕಾದ ಕತೆಗಳನ್ನಷ್ಟೇ ಹಾಕಿಕೊಡುವ ಬದಲು ಅವಸರದಲ್ಲಿ ಇಡೀ ಫೋಲ್ಡರನ್ನೇ ಎಳೆದು ಹಾಕಿದ್ದ. ಪರಿಶೀಲನೆಯಲ್ಲಿದ್ದ ಮದೀಹಾಳ ಕತೆಯೂ ಹೋಗಿತ್ತು. ನೇತ್ರಾವತಿ ತಾನು ಬರೆದವಳಿಗಿಂತ ಚೆನ್ನಾಗಿ ಹೇಳಬಲ್ಲೆ ಎಂಬಂತೆ ಕತೆ ಹೇಳತೊಡಗಿದಳು: ಎಣಿಸುವವನನ್ನು ಹುಡುಕಿಕೊಂಡು ಒಬ್ಬಳು ಎಂಟನೇ ಸುತ್ತಿಗೆ ಹೋಗ್ತಾಳ್ರಿ, ಅಲ್ಲಿ ನೆಲಾನೇ ಇರಲ್ಲ, ಬರೀ ಇಳಿಜಾರು. ಹಂಗಾರೆ ಇವ್ನು ಎಲ್ಲಿ ನಿಂತವ್ನೆ ಅಂತ ನೋಡ್ತಾಳೆ. ಒಬ್ಬಳ ಹೆಗಲ ಮೇಲೆ ನಿಂತವ್ನೆ. ಆಯಮ್ಮನ್ನ ಯಾರೂ ಎಣಿಸಿಲ್ಲ, ಅವನೂ ಎಣಿಸಿಲ್ಲ. ಕಾಲ ಕೆಳಗೆ ಇರೋದು ಕಾಣಲ್ಲ ನೋಡ್ರಿ.

ಅವನು ಆ ಕತೆಯನ್ನು ಹದಿನೇಳು ದಿನದಲ್ಲಿ ಆರು ಸಲ ಓದಿದ್ದ. ಓದಿ, ಆರನೇ ನಿಯಮದ ಪ್ರಕಾರ ಎಂಟನೇ ಸುತ್ತಿನಲ್ಲಿ ಹೆಂಗಸರು ಇರುವಂತಿಲ್ಲ ಎಂದು ಟಿಪ್ಪಣಿ ಬರೆದಿದ್ದ. ಆರನೇ ನಿಯಮ ಯಾಕೆ ಮಾಡಿದ್ದೆ ಎಂದು ನೆನಪಾಗಲಿಲ್ಲ.

"ಒಂದ್ ನಿಮಿಷ, ಚಾ ಕುಡಿದು ಬರ್ತೀನಿ," ಎಂದು ಎದ್ದ. ಎದುರಿನ ಚಾ ಅಂಗಡಿಯಲ್ಲಿ ಲೋಟ ಹಿಡಿದು ನಿಂತು, ಒಂದು ಕೆಲಸ ಮಾಡೋಣ ಎಂದುಕೊಂಡ, ನಿಯಮ ಎಂದರೆ ನಿಯಮ, ನಾಲ್ಕನೆಯದನ್ನು ತನಗೇ ಹಚ್ಚಿ, ಎಲ್ಲರೂ ಬಳಸುವ ಸಂಗತಿಗಳಲ್ಲಿ ತಾನು ಕೊಟ್ಟದ್ದು ಯಾವುದು ಎಂದು ನೋಡೋಣ. ಗೆದ್ದೇ ಗೆಲ್ಲುತ್ತೇನೆ ಎಂಬ ಧೈರ್ಯವೂ ಒಳಗೆ ಇತ್ತು, ಇಲ್ಲದಿದ್ದರೆ ಅವನು ಇಂಥ ಪರೀಕ್ಷೆಗೆ ಇಳಿಯುವವನಲ್ಲ. ಎಂಟನೇ ಸುತ್ತು, ಎಣಿಸುವವನು: ಬಸ್ಸಿನವು. ನಾಲಿಗೆ ಇಲ್ಲದ ಗಂಟೆ: ಹೊಸದುರ್ಗದ ರಂಗಸ್ವಾಮಿಯದು. ಎಡಕ್ಕೇ ತಿರುಗುವ ಮೆಟ್ಟಿಲು: ಸಿರಿಗೆರೆಯ ಹಾಸ್ಟೆಲಿನ ಬಿಂದುವಿನದು. ಕಡಿಮೆಯಾಗುವ ತಟ್ಟೆ? ಅದು ನನ್ನದು, ಅದು ಖಂಡಿತ ನನ್ನದು ಎಂದುಕೊಳ್ಳುವಷ್ಟರಲ್ಲಿ ಇನ್ನೊಂದು ಬೆಳಗಿನ ಬಸ್ಸು ನೆನಪಿಗೆ ಬಂತು. ಮದೀಹಾ ತನ್ನ ಅಜ್ಜಿ ಖಾತುನ್ ಬೀ ಬಗ್ಗೆ ಹೇಳುತ್ತಿದ್ದಳು, ಮದುವೆಯಾಗಿ ಹೋದ ಮಗಳ ತಟ್ಟೆಯನ್ನು ಆಕೆ ಮರೆತು ಇನ್ನೂ ಇಡುತ್ತಾಳಂತೆ. ಇವನು ಅದನ್ನು ತಿರುವಿ ಹಾಕಿದ್ದ, ಹೆಚ್ಚಿದ್ದನ್ನು ಕಡಿಮೆ ಮಾಡಿದ್ದ, ಅಷ್ಟೇ. ಉಳಿದದ್ದು ಬಂಡೆಗಳು, ನಾಲ್ಕು ಪುಟ. ಮತ್ತೆ ನಿಯಮಗಳು. ಒಂಬತ್ತು ನಿಯಮಗಳು ಅಪ್ಪಟ ಅವನವು, ಯಾರೂ ಕೊಟ್ಟಿರಲಿಲ್ಲ, ಯಾರಿಗೂ ಬೇಕಾಗಿಯೂ ಇರಲಿಲ್ಲ. ಚಾ ಆರಿ ಕೆನೆ ಕಟ್ಟಿತ್ತು. ತೋಳಿನಿಂದ ಆ ವಾಸನೆ ಮತ್ತೆ ಬಂತು.

ಒಳಗೆ ಹೋಗಿ ನೇತ್ರಾವತಿಗೆ ಹೇಳಿದ: "ಮೂಲ ಕಲ್ಪನೆ ಅನ್ನೋ ಕಡೆ 'ದುರ್ಗೇಶ್ ಮತ್ತು ಗೆಳೆಯರು' ಅಂತ ಮಾಡ್ರಿ."

ಅವಳು ಮಾಡಿದಳು. ಆರ್ಕೆಸ್ಟ್ರಾದ ಬೋರ್ಡಿನ ಹಾಗೆ ಕಂಡಿತು.

"ಬ್ಯಾಡ. 'ದುರ್ಗೇಶ್ ಮತ್ತು ಮದೀಹಾ' ಅಂತ ಮಾಡ್ರಿ."

"ಮದುವೆ ಕಾರ್ಡಾಗ್ತೈತೆ," ಎಂದಳು ನೇತ್ರಾವತಿ, ನಗದೆ. "ಮೂಲ ಕಲ್ಪನೆ ಅಂದ್ರೆ ಮೊದ್ಲು ಯಾರಿಗೆ ಹೊಳೀತೋ ಅವ್ರಲ್ವೇನ್ರಿ? ಇಬ್ಬರಿಗೂ ಒಟ್ಟಿಗೆ ಹೊಳೀತಾ?"

ಅವನು ಮೆಟ್ಟಿಲಿಗೆ ಬಂದು ಮದೀಹಾಳ ನಂಬರು ಒತ್ತಿದ. ಎರಡು ವರ್ಷದಿಂದ ಮಾತಾಡಿರಲಿಲ್ಲ. ಎತ್ತದಿದ್ದರೆ ಸಾಕು, ಪ್ರಯತ್ನ ಮಾಡಿದ್ದೆ ಎಂದು ಹೇಳಿಕೊಳ್ಳಬಹುದು ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಮೊದಲ ರಿಂಗಿಗೇ ಎತ್ತಿದಳು. ಹಿಂದಿನಿಂದ ಹೊಲಿಗೆ ಯಂತ್ರದ ಸದ್ದು, ಹಿರಿಯೂರಿನಲ್ಲಿ ಅವಳ ತಂದೆ ಮಹಮ್ಮದ್ ಗೌಸ್ ಅವರ ಹಾಸಿಗೆ ಅಂಗಡಿ.

"ಹೇಳು ದುರ್ಗೇಶ. ಪರಿಶೀಲನೆ ಮುಗೀತಾ?"

"ಮದೀಹಾ, ಆ ಎಂಟನೇ ಸುತ್ತಿನ ಮಾತು, ಬಸ್ಸಲ್ಲಿ..." ಮುಂದೆ ಹೇಗೆ ಹೇಳುವುದೆಂದು ಬೆಳಗಿನಿಂದ ಏನೂ ತಯಾರಿ ಮಾಡಿರಲಿಲ್ಲ. "ಅದು ನೀನು ಅಂದಿದ್ದು."

"ಗೊತ್ತು. ಅಲ್ಲೇ ಇದ್ನಲ್ಲ ನಾನು."

"ಮತ್ತೆ ಯಾಕೆ ಏನೂ ಹೇಳ್ಲಿಲ್ಲ?"

"ನೀನು ಹೇಳ್ತೀಯ ಅಂತ ಕಾಯ್ತಿದ್ದೆ." ಯಂತ್ರದ ಸದ್ದು ನಿಂತಿತು. "ಅಬ್ಬಂಗೆ ಓದಿ ಹೇಳಿದ್ದೆ ಕಣೋ ನಿನ್ನ ಕತೇನ, ನಮ್ಮ ಕ್ಲಾಸ್‌ನೋನು ಬರ್ದಿದಾನೆ ಅಂತ. ಏನ್ ತಲೆ ಆ ಹುಡುಗಂದು ಅಂದ್ರು. ಅದು ನನ್ನ ಮಾತು ಅಬ್ಬ ಅನ್ನೋಣ ಅಂತ ಬಾಯಿ ತೆಗ್ದೆ. ಅಂದ್ರೆ ನಾನೇ ಸುಳ್ಳು ಹೇಳ್ದಂಗೆ ಕೇಳಿಸ್ತದೆ ಅಂತ ಗೊತ್ತಾಯ್ತು. ಸುಮ್ನಾದೆ."

ಅವನು ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಕ್ಷಮಿಸು ಎನ್ನುವ ಶಬ್ದ ಬಾಯಿಗೆ ಬಂತು, ಅದನ್ನು ಹೇಳಿದರೆ ಇವಳು ಪರವಾಗಿಲ್ಲ ಎನ್ನಬೇಕಾಗುತ್ತದೆ, ಆ ಕೆಲಸವನ್ನೂ ಇವಳ ತೊಡೆಯ ಮೇಲೆ ಇಟ್ಟಂತಾಗುತ್ತದೆ ಎನಿಸಿ ನುಂಗಿದ. "ನಿನ್ನ ಹೆಸರು ನನ್ನ ಜೊತೆ ಹಾಕಿಸ್ತೀನಿ," ಎಂದ.

"ಜೊತೆಗೆ ಯಾಕೆ? ಒಂದೇ ಬಸ್ಸಲ್ಲಿದ್ವಿ ಅಂತಾನಾ?"

"ಹಂಗಾರೆ ಏನ್ ಮಾಡ್ಲಿ?"

"ಸ್ಥಾಪಕ ನೀನು, ನನ್ನ ಕೇಳ್ತೀಯಲ್ಲಪ್ಪ," ಎಂದಳು. ಅಂಗಡಿಗೆ ಯಾರೋ ಬಂದಿರಬೇಕು, ಹತ್ತಿ ದಿಂಬಾ, ಬರ್ರಿ ಎನ್ನುವುದು ಕೇಳಿಸಿತು. ಫೋನು ಕಟ್ಟಾಯಿತು.

ಹೀಗೆ ಮಧ್ಯದಲ್ಲಿ ನಿಲ್ಲಿಸಿ ಹೋದದ್ದಕ್ಕೆ ಅವನಿಗೆ ಸಿಟ್ಟು ಬಂತು. ಇಷ್ಟೊಂದು ಪ್ರಾಮಾಣಿಕನಾದವನಿಗೆ ಒಂದೆರಡು ಒಳ್ಳೆಯ ಮಾತಾದರೂ ಸಿಗಬೇಡವೆ ಎಂಬ ಸಿಟ್ಟು. ಅದನ್ನು ಕಂಡು ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸ್ವಲ್ಪ ಹೆಮ್ಮೆಯೂ ಆಯಿತು. ಇದಕ್ಕೆ ಕೊನೆಯೇ ಇಲ್ಲ ಎಂದು ತಿಳಿದು, ಎದ್ದು ಒಳಗೆ ಹೋದ. ನೇತ್ರಾವತಿ ಅವನು ಹೇಳಿದಂತೆ ಹೊಡೆದಳು: ಮೂಲ ಕಲ್ಪನೆ, ಮದೀಹಾ. ಪರಿವಿಡಿಗೆ 'ನಿಂತ ಜಾಗ' ಸೇರಿತು. ಆದರೆ ಅವಳದೂ ಸೇರಿ ಸುತ್ತಿನ ಗುಂಟ ಹನ್ನೆರಡು ಹೆಸರು ಹಿಡಿಸಲಿಲ್ಲ, ಕೊನೆಯದು ಮೊದಲಿನದರ ಮೇಲೆ ಹತ್ತಿ ಕುಳಿತಿತು.

"ಒಂದು ತೆಗೀಬೇಕಾಗ್ತೈತೆ," ಎಂದಳು.

ಮೊದಲನೆಯದು ಅವನದೇ. ಅಕ್ಷರ ಸಣ್ಣ ಮಾಡಬಹುದು, ಸುತ್ತು ದೊಡ್ಡ ಮಾಡಬಹುದು, ಹೀಗೆ ಮೂರು ಉಪಾಯಗಳು ಒಂದೇ ಕ್ಷಣದಲ್ಲಿ ಹೊಳೆದವು. ಕತೆ ಬರೆಯುವಾಗ ಒಂದೂ ಹೀಗೆ ಹೊಳೆದಿರಲಿಲ್ಲ. "ಮೊದಲ್ನೇದು ತೆಗೀರಿ," ಎಂದ. ಡಿಲೀಟ್ ಕೀಲಿಗೆ ಶಬ್ದವೇ ಇರಲಿಲ್ಲ. ಹನ್ನೊಂದು. ಹನ್ನೊಂದೇ ಉಳಿಯಿತು.

ವಾಪಸು ಬಸ್ಸಿನಲ್ಲಿ ಸೀಟು ಸಿಕ್ಕಿತು. ಗುಂಪಿಗೆ ಬರೆದ. ಮೊದಲು ಉದ್ದ ಬರೆದ, ಅದರಲ್ಲಿ ಆತ್ಮಸಾಕ್ಷಿ ಎಂಬ ಪದ ಎರಡು ಸಲ ಬಂದಿತ್ತು, ಅಳಿಸಿದ. ಕೊನೆಗೆ ಉಳಿದದ್ದು ಇಷ್ಟು: ಎಂಟನೇ ಸುತ್ತು, ಎಣಿಸುವವನು ಎರಡೂ ಮದೀಹಾ ಹೇಳಿದ್ದು. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಹೇಳಿದಳು, ನಾನು ಕದ್ದೆ. ಮುಖಪುಟ ಹಾಗೇ ಮಾಡಿಸಿದ್ದೇನೆ. ಅದನ್ನೇ ಮದೀಹಾಳಿಗೂ ಕಳಿಸಿದ. ಮರಡಿಹಳ್ಳಿ ದಾಟುವಷ್ಟರಲ್ಲಿ ಎಲ್ಲರೂ ಓದಿದ ಗುರುತು ಬಿತ್ತು. ಆಮೇಲೆ ಗೋವರ್ಧನ ಮೇಷ್ಟರು ನಾಲ್ಕನೇ ನಿಯಮವನ್ನು ಇಡಿಯಾಗಿ ಹಾಕಿ, ಕೆಳಗೆ ನಿಯಮ ಎಲ್ಲರಿಗೂ ಒಂದೇ ಎಂದು ಬರೆದರು. ಮರುಕ್ಷಣ ದುರ್ಗೇಶನನ್ನು ಗುಂಪಿನಿಂದ ತೆಗೆಯಲಾಗಿದೆ ಎಂಬ ಸಾಲು ಬಂತು. ತಾನೇ ಕೊಟ್ಟ ಅಧಿಕಾರ, ತಾನೇ ಬರೆದ ನಿಯಮ, ಅಲ್ಪವಿರಾಮ ಕೂಡ ತನ್ನದೇ. ಗುಂಪಿನ ಚಿತ್ರದಲ್ಲಿ ಕೋಟೆ ಇತ್ತು. ಇನ್ನು ಅಲ್ಲಿ ಯಾರು ಏನು ಬರೆದರೂ ಅವನಿಗೆ ಕಾಣುವುದಿಲ್ಲ, ಅವನು ಕಾಣುತ್ತಿಲ್ಲವೆಂದು ಯಾರಿಗೂ ಕಡಿಮೆ ಅನಿಸುವುದಿಲ್ಲ. ಎಷ್ಟೋ ದಿನದ ಮೇಲೆ ತನ್ನ ಕತೆ ಅವನನ್ನು ನಿಜವಾಗಿ ಹೆದರಿಸಿತು.

ಹಟ್ಟಿ ತಲುಪಿದಾಗ ಇನ್ನೂ ಬಿಸಿಲಿತ್ತು. ಕುರಿಗಳು ಬಂದಿದ್ದವು. ಅಜ್ಜಿ ಕುಡುಗೋಲು ಹಿಡಿದು ಕಾಯುತ್ತಿದ್ದಳು.

"ಯಾಕಲೇ ಮಕ ಹಿಂಗಾಗೈತೆ? ನಿನ್ನ ಪಟ್ಟಿ ಏನಾತು?"

"ಕೊಟ್ಟೆ. ನನ್ನೇ ಹೊರಗಾಕಿದ್ರು."

"ಸರಿ ಹೋತು. ಹಂಗಾರೆ ಕೈ ಖಾಲಿ ಐತೆ, ಮರಿ ಹಿಡ್ಕಾ."

ಹುರಿ ಕುಯ್ದಳು. ಚರ್ಮ ಅಲ್ಲಲ್ಲಿ ಅಂಟಿತ್ತು, ಮೆಲ್ಲಗೆ ಎಳೆದಾಗ ಮರಿ ಒದರಿತು. ಅದರಡಿ ಬೇರೆಯದೇ ಬಣ್ಣದ, ತೆಳು ಕಂದು ಕೂದಲಿನ, ತೀರಾ ಸಣ್ಣ ಮೈ. ಇಷ್ಟೇ ಇತ್ತೇ ಇದು ಎಂದು ಅವನು ನೋಡಿದ. ಜೇಬಿನಲ್ಲಿ ಫೋನು ನಡುಗಿತು. ಒಂದು ಕೈಯಲ್ಲಿ ಮರಿ ಹಿಡಿದು ಇನ್ನೊಂದರಲ್ಲಿ ತೆಗೆದು ನೋಡಿದ. ಮದೀಹಾ ಒಂದೇ ಸಾಲು ಬರೆದಿದ್ದಳು: ಅಬ್ಬಂಗೆ ತೋರಿಸ್ದೆ.

ಇನ್ನೇನಾದರೂ ಬರುತ್ತದೆಯೇ ಎಂದು ಕಾದ.

"ಬಿಡ್ಲೇ ಮರೀನ," ಎಂದಳು ಅಜ್ಜಿ.

ಬಿಟ್ಟ. ಮರಿ ಬೆತ್ತಲೆ ಮೈಯಲ್ಲಿ ನಡುಗುತ್ತ ಕರಿಯವ್ವನ ಕೆಚ್ಚಲಿಗೆ ಹೋಯಿತು. ಕರಿಯವ್ವ ಕತ್ತು ತಿರುಗಿಸಿ ಮೂಸಿತು, ಬಾಲದ ಬುಡದಲ್ಲಿ, ಬೆನ್ನಿನ ಮೇಲೆ, ಮತ್ತೆ ಬಾಲದ ಬುಡದಲ್ಲಿ. ಹಿಂಗಾಲೆತ್ತಿ ಒಂದು ಒದೆ ಕೊಟ್ಟಿತು. ಮರಿ ಹಿಕ್ಕೆಯ ಮೇಲೆ ಉರುಳಿತು. ದುರ್ಗೇಶ್ ಎತ್ತಲು ಬಾಗಿದ, ಅಜ್ಜಿ ಅವನ ಅಂಗಿ ಹಿಡಿದೆಳೆದು ನಿಲ್ಲಿಸಿದಳು.

"ನಿಂತ್ಕಳಲೇ ಸುಮ್ನೆ. ಅದರ ವಾಸ್ನೆ ಅದೇ ಹಿಡಿಸ್ಬೇಕು."

ಮರಿ ಎದ್ದಿತು. ಕಾಲುಗಳನ್ನು ಅಗಲಿಸಿ ಒಂದು ಗಳಿಗೆ ನಿಂತು, ಮತ್ತೆ ಅಲ್ಲಿಗೇ ಹೋಯಿತು.